ಶಾಲೆಯ ಬಯಲಿನಿಂದ ವಿಶ್ವಕಪ್ಪಿಗೆ

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಂತಹ ಊರುಗಳಲ್ಲಿ ಖೋ-ಖೋ ಆಡಲು ಬೇಕಾದುದು ಎರಡು ಕಂಬ, ಸುಣ್ಣದ ಗೆರೆ, ಒಂದಿಷ್ಟು ಬಯಲು. ಬೆನ್ನಟ್ಟುವ ತಂಡದವರು ನಡುಗೆರೆಯ ಮೇಲೆ ಒಬ್ಬರು ಈಚೆಗೆ, ಮತ್ತೊಬ್ಬರು ಆಚೆಗೆ ಮುಖಮಾಡಿ ಕುಳಿತಿರುತ್ತಾರೆ. ಅಟ್ಟುವವಳು ಆ ಸಾಲನ್ನು ಸೀಳಿ ನುಗ್ಗುವಂತಿಲ್ಲ. ಕಂಬವನ್ನು ಸುತ್ತಿ ಬರಬೇಕು, ಇಲ್ಲವೇ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಓಟವನ್ನು ಆಕೆಗೆ ಒಪ್ಪಿಸಬೇಕು. ಒಬ್ಬಳ ಕಾಲ್ಬಲಕ್ಕಿಂತ ಎಲ್ಲರ ಎಚ್ಚರವೇ ಇಲ್ಲಿ ಹಿರಿದು.

ಈ ಹಳ್ಳಿಯಾಟದ ಮೊದಲ ವಿಶ್ವಕಪ್ ಸ್ಪರ್ಧೆಯು 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಮಹಿಳೆಯರ ಅಂತಿಮ ಪಂದ್ಯದಲ್ಲಿ ಭಾರತವು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದ ಬಿ. ಚೈತ್ರಾ, ಮಳವಳ್ಳಿಗೆ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮನೆಗೆಲಸದ ನಡುವೆ ಹೆಣ್ಣುಮಕ್ಕಳಿಗೂ ಸಂಜೆ ಒಂದು ಗಂಟೆ ಬಯಲು ದೊರೆತರೆ, ಇಂತಹ ಆಟಗಾರ್ತಿಯರು ಪ್ರತಿ ಊರಿನಲ್ಲಿಯೂ ಮೂಡಿಬಂದಾರು.