ಉಗ್ರಾಣದ ಬಾಗಿಲು ತೆರೆದ ಡಿಸೆಂಬರ್

ಮೆಣಸು, ಶುಂಠಿ ತುಂಬಿಡುತ್ತಿದ್ದ ಕೊಚ್ಚಿಯ ಗೋದಾಮುಗಳು ಸಮಕಾಲೀನ ಕಲೆಯ ತಾಣವಾದ ಬಗೆ

ಡಿಸೆಂಬರ್‌ನ ಎರಡನೇ ವಾರ ದಾಟಿತೆಂದರೆ ಫೋರ್ಟ್ ಕೊಚ್ಚಿಯಲ್ಲಿ ಮನೆಮನೆಯ ಮುಂದೆ ಕ್ರಿಸ್‌ಮಸ್ ನಕ್ಷತ್ರಗಳು ತೂಗತೊಡಗುತ್ತವೆ. ಡಿಸೆಂಬರ್ 31ರ ನಡುರಾತ್ರಿ ಸುಡಲಿರುವ ‘ಪಪ್ಪಾಂಜಿ’ ಎಂಬ ಮುದುಕನ ದೈತ್ಯ ಬೊಂಬೆಗೆ ಬಿದಿರು, ಬಟ್ಟೆ ಒಟ್ಟುಗೂಡುತ್ತವೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದೇ ಬೀದಿಗಳಲ್ಲಿ ಇನ್ನೊಂದು ಗುಂಪೂ ಸೇರಿಕೊಳ್ಳುತ್ತದೆ. ಕೈಯಲ್ಲಿ ನಕ್ಷೆ ಹಿಡಿದು, ಒಂದು ಹಳೆಯ ಗೋದಾಮಿನಿಂದ ಇನ್ನೊಂದಕ್ಕೆ ನಡೆಯುವವರ ಗುಂಪು ಅದು. ಅವರಲ್ಲಿ ಕಲಾ ವಿಮರ್ಶಕರಿರುತ್ತಾರೆ, ಶಾಲೆಯ ಮಕ್ಕಳಿರುತ್ತಾರೆ, ರಜೆಗೆಂದು ಊರಿಗೆ ಬಂದ ಗಲ್ಫ್ ಉದ್ಯೋಗಿಗಳ ಸಂಸಾರಗಳಿರುತ್ತವೆ, ರಾತ್ರಿ ರೈಲು ಹತ್ತಿ ಬೆಂಗಳೂರಿನಿಂದ ಬಂದಿಳಿದ ಗೆಳೆಯರ ತಂಡಗಳೂ ಇರುತ್ತವೆ. ಎಲ್ಲರೂ ಬಂದಿರುವುದು ಕೊಚ್ಚಿ-ಮುಝಿರಿಸ್ ಬಿನಾಲೆ ಎಂಬ ಸಮಕಾಲೀನ ಕಲಾಮೇಳಕ್ಕೆ.

ಸಮಕಾಲೀನ ಕಲೆಯೆಂದರೆ ದೊಡ್ಡ ನಗರದ ಹವಾನಿಯಂತ್ರಿತ ಗ್ಯಾಲರಿಯ ವಿಷಯ, ನಮಗದು ಅರ್ಥವಾಗದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಂಥ ಕಲೆಯನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುವ ಊರು ದಕ್ಷಿಣ ಭಾರತದಲ್ಲೇ ಇದೆ. ಅದು ಹಾಗಾದದ್ದು ಕಲೆಯನ್ನು ತಿಳಿಗೊಳಿಸಿದ್ದರಿಂದಲ್ಲ. ಜನ ಬಿಡುವಾಗಿ ಓಡಾಡುವ ಕಾಲದಲ್ಲಿ, ಓಡಾಡುವ ದಾರಿಯಲ್ಲೇ ಕಲೆಯನ್ನು ತಂದು ನಿಲ್ಲಿಸಿದ್ದರಿಂದ.

ಪ್ರವಾಹ ತಂದ ಬಂದರು

ಕಥೆ ಶುರುವಾಗುವುದು ಕೊಚ್ಚಿಯಿಂದ ಉತ್ತರಕ್ಕಿದ್ದ ಮುಝಿರಿಸ್ ಎಂಬ ಬಂದರಿನಿಂದ. ರೋಮನ್ನರು ಮೆಣಸಿಗಾಗಿ ಚಿನ್ನ ಹೊತ್ತು ಬರುತ್ತಿದ್ದ ಜಾಗವದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರ ಆ ಬಂದರಿನ ಬಾಯಿಗೆ ಹೂಳು ತುಂಬಿತು, ಅದೇ ನೀರು ಕೊಚ್ಚಿಯ ಬಳಿ ಸಮುದ್ರಕ್ಕೆ ಹೊಸ ಬಾಗಿಲು ತೆರೆಯಿತು ಎಂಬುದು ಅಲ್ಲಿ ಎಲ್ಲರೂ ಹೇಳುವ ಚರಿತ್ರೆ. ಮುಂದೆ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ಹಿಂದೊಬ್ಬರು ಬಂದರು. ಅವರ ಜೊತೆಗೂ ಅವರಿಗಿಂತ ಮೊದಲೂ ಬಂದ ಯೆಹೂದ್ಯರು, ಗುಜರಾತಿ ವರ್ತಕರು, ಕಚ್ಛಿ ಮುಸ್ಲಿಮರು, ಕೊಂಕಣಿ ಮಾತಾಡುವ ಗೌಡ ಸಾರಸ್ವತರು ಕೊಚ್ಚಿಯ ಮಟ್ಟಾಂಚೇರಿಯ ಓಣಿಗಳಲ್ಲಿ ನೆಲೆಯಾದರು.

1867ರಲ್ಲಿ ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ ಇಲ್ಲಿ ಕಟ್ಟಿದ ಸಂಸ್ಥೆ ಕೊಬ್ಬರಿ ಎಣ್ಣೆ, ಮೆಣಸು, ಶುಂಠಿ, ಅರಿಶಿನ, ಮರಮಟ್ಟುಗಳನ್ನು ಹಡಗಿಗೇರಿಸಿತು. ಮಂಗಳೂರಿನವರಿಗೆ ಕಾಫಿ ಸಂಸ್ಕರಣೆಯಿಂದ ಪರಿಚಿತವಾದ ಆಸ್ಪಿನ್‌ವಾಲ್ ಹೆಸರು ಇದೇ. ಇಪ್ಪತ್ತನೇ ಶತಮಾನದಲ್ಲಿ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನ ಹೂಳೆತ್ತಿಸಿ, ಅದೇ ಮಣ್ಣಿನಿಂದ ವಿಲ್ಲಿಂಗ್ಡನ್ ದ್ವೀಪ ಕಟ್ಟಿಸಿ ಆಧುನಿಕ ಬಂದರು ನಿರ್ಮಿಸಿದ ಮೇಲೆ ದೊಡ್ಡ ಹಡಗುಗಳು ಅತ್ತ ತಿರುಗಿದವು. ಹಳೆಯ ದಡದ ಉಗ್ರಾಣಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ನೀರಿನತ್ತ ತೆರೆಯುವ ಕಿಟಕಿ: ಇಷ್ಟೆಲ್ಲ ಇದ್ದೂ ಕೆಲಸವಿಲ್ಲದ ಕಟ್ಟಡಗಳು. ಬಿನಾಲೆಗೆ ದೊರೆತ ದೊಡ್ಡ ಆಸ್ತಿ ಇದೇ. ಗೋಡೆ ಕಟ್ಟುವ ಖರ್ಚಿಲ್ಲ, ಗೋಡೆಗೆ ಅದರದೇ ನೆನಪುಗಳಿವೆ.

ಮುಂಬೈಯಲ್ಲಿ ಹುಟ್ಟಿದ ಮಾತು

2010ರಲ್ಲಿ ಕೇರಳದ ಅಂದಿನ ಸಂಸ್ಕೃತಿ ಸಚಿವ ಎಂ.ಎ. ಬೇಬಿ, ಮುಂಬೈಯಲ್ಲಿ ನೆಲೆಸಿದ್ದ ಮಲಯಾಳಿ ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಅವರನ್ನು ಕಂಡು, ಕೇರಳದಲ್ಲಿ ಅಂತರರಾಷ್ಟ್ರೀಯ ಮಟ್ಟದ ಏನನ್ನಾದರೂ ಮಾಡಲು ಸಾಧ್ಯವೇ ಎಂದು ಕೇಳಿದರು. ಅದಕ್ಕೆ ಮುನ್ನ ಭಾರತದಲ್ಲಿ ಅಂಥ ದೊಡ್ಡ ಕೂಟವೆಂದರೆ ಮುಲ್ಕ್ ರಾಜ್ ಆನಂದ್ ಅವರ ಮುತುವರ್ಜಿಯಿಂದ 1968ರಲ್ಲಿ ಲಲಿತಕಲಾ ಅಕಾಡೆಮಿ ದೆಹಲಿಯಲ್ಲಿ ಆರಂಭಿಸಿದ ತ್ರೈವಾರ್ಷಿಕ ಮೇಳ. ಅದು ಬರಬರುತ್ತಾ ಕಳೆಗುಂದಿತ್ತು. ಹೊಸದನ್ನು ವೆನಿಸ್‌ನ ಮಾದರಿಯಲ್ಲಿ, ಒಂದು ಇಡೀ ಊರಿಗೆ ಹರಡಿಕೊಳ್ಳುವಂತೆ ಮಾಡಬೇಕೆಂದು ಈ ಇಬ್ಬರು ಹೊರಟರು. ವೆನಿಸ್ ಬಿನಾಲೆ 1895ರಷ್ಟು ಹಳೆಯದು, ಅದರ ಬೆನ್ನಿಗೆ ಹಣವೂ ಸಂಸ್ಥೆಗಳೂ ಇವೆ. ಕೊಚ್ಚಿಯಲ್ಲಿ ಇದ್ದದ್ದು ಬೀಗ ಹಾಕಿದ ಗೋದಾಮುಗಳು ಮತ್ತು ಕಲಾವಿದ ಮಿತ್ರರ ನಂಬಿಕೆ.

ದಾರಿ ಸಲೀಸಾಗಿರಲಿಲ್ಲ. 2011ರಲ್ಲಿ ಸರ್ಕಾರ ಬದಲಾಯಿತು. ಸರ್ಕಾರ ಕೊಟ್ಟ ಹಣದ ಬಳಕೆಯ ಬಗ್ಗೆ ಆಕ್ಷೇಪ ಎದ್ದಿತು, ತನಿಖೆ ನಡೆಯಿತು, ಕೇರಳದ ಕಲಾವಿದರಲ್ಲೇ ಒಂದು ವರ್ಗ ವಿರೋಧಿಸಿ ನಿಂತಿತು. ಆದರೂ ದಿನಾಂಕ ಮಾತ್ರ ಬದಲಾಗಲಿಲ್ಲ. 2012ರ ಡಿಸೆಂಬರ್ 12ರಂದು, ಅಂದರೆ 12-12-12ರಂದು, ಬಾಗಿಲು ತೆರೆಯಿತು. ಹಲವು ಕೃತಿಗಳು ಇನ್ನೂ ಅರ್ಧಕ್ಕೆ ನಿಂತಿದ್ದವು. ಅಂದು ಫೋರ್ಟ್ ಕೊಚ್ಚಿಯ ಪರೇಡ್ ಮೈದಾನದಲ್ಲಿ ಹಾಡಿದವರು ಶ್ರೀಲಂಕಾ ತಮಿಳು ಮೂಲದ ಬ್ರಿಟಿಷ್ ಗಾಯಕಿ ಎಂ.ಐ.ಎ. ಹೀಗೆ ಮೊದಲ ದಿನದಿಂದಲೇ ಚಿತ್ರ, ಶಿಲ್ಪದ ಜೊತೆ ಹೊಸ ಸಂಗೀತವೂ ಕೈಜೋಡಿಸಿತು. ಮುಂದಿನ ಮೂರು ತಿಂಗಳಲ್ಲಿ ಸುಮಾರು 4 ಲಕ್ಷ ಜನ ಬಂದು ನೋಡಿದರು.

ಬೆಂಗಳೂರಿನ ರುಬ್ಬುವ ಕಲ್ಲುಗಳು

ಆ ಮೊದಲ ಬಿನಾಲೆಯ ಒಂದು ಕೃತಿಯನ್ನು ಕನ್ನಡಿಗರು ತಿಳಿದಿರಲೇಬೇಕು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಸೇರಿ ಮಾಡಿದ ‘ಸ್ಟಾಪ್‌ಓವರ್’ ಅದು. ಅದರ ಸಾಮಗ್ರಿ 170 ರುಬ್ಬುವ ಕಲ್ಲುಗಳು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಡೆದವರಿಗೆ ಆ ದೃಶ್ಯ ಗೊತ್ತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಮರ ಮಾರಿಹೋಗುತ್ತದೆ, ಹೆಂಚು ಮಾರಿಹೋಗುತ್ತದೆ, ಒರಳು ಕಲ್ಲು ಮಾತ್ರ ಬೀದಿಯ ಅಂಚಿನಲ್ಲಿ ಉಳಿಯುತ್ತದೆ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅದು ಯಾರಿಗೂ ಬೇಡ. ಒಡೆಯಲೂ ಮನಸ್ಸು ಬಾರದು, ಮೂರು ತಲೆಮಾರು ಉಂಡ ಹಿಟ್ಟು ರುಬ್ಬಿದ ಕಲ್ಲದು. ಅಂಥ ಕಲ್ಲುಗಳನ್ನು ಆಯ್ದು ತಂದು ಆಸ್ಪಿನ್‌ವಾಲ್ ಸಂಸ್ಥೆಯ ಹಳೆಯ ಆವರಣವಾದ ಆಸ್ಪಿನ್‌ವಾಲ್ ಹೌಸ್‌ನಲ್ಲಿ ಹರಡಿದರು. ಒಂದೊಂದರ ನಡುವಿನ ಗುಳಿ ಒಂದೊಂದು ಬಗೆಯಲ್ಲಿ ಸವೆದಿದೆ. ಕೆಲವು ಆಳ, ಕೆಲವು ಒಂದು ಬದಿಗೆ ವಾಲಿದಂತೆ. ಸವೆಸಿದ ಕೈಗಳ ಹೆಸರು ಎಲ್ಲೂ ಇಲ್ಲ, ಗುರುತು ಮಾತ್ರ ಇದೆ. ಒಂದು ಕಾಲಕ್ಕೆ ಸಾಂಬಾರ ಪದಾರ್ಥ ಹಡಗೇರುತ್ತಿದ್ದ ಕಟ್ಟೆಯಲ್ಲಿ, ಅದೇ ಪದಾರ್ಥವನ್ನು ಅರೆದ ಕಲ್ಲುಗಳು ಮುಂದಿನ ಪಯಣಕ್ಕೆ ಕಾಯುತ್ತಿರುವಂತೆ ಬಿದ್ದಿದ್ದವು.

ಸಮಕಾಲೀನ ಕಲೆ ಅರ್ಥವಾಗುವುದಿಲ್ಲ ಎನ್ನುವವರಿಗೆ ಈ ಕೃತಿಯ ಮುಂದೆ ವಿವರಣೆಯೇ ಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ಬದುಕು ಸವೆಸಿದ ಯಾವ ಹೆಂಗಸಿಗೂ ಕಲಾವಿಮರ್ಶಕನಿಗಿಂತ ಮೊದಲೇ ಅದು ದಕ್ಕುತ್ತದೆ. ಬಿನಾಲೆ ಊರಿನದಾದದ್ದು ಇಂಥ ಕೃತಿಗಳ ಬಲದಿಂದ ಎಂದು ನಾನು ನಂಬುತ್ತೇನೆ. ಅದೇ ವರ್ಷ ಕಲಾವಿದ ವಿವಾನ್ ಸುಂದರಂ, ಮುಝಿರಿಸ್ ಇದ್ದ ಜಾಗವೆಂದು ಹಲವು ಪುರಾತತ್ತ್ವಜ್ಞರು ನಂಬುವ ಪಟ್ಟಣಂನ ಉತ್ಖನನದಲ್ಲಿ ಸಿಕ್ಕ ಮಡಕೆಚೂರುಗಳಿಂದ ಒಂದು ನಗರವನ್ನೇ ನೆಲದ ಮೇಲೆ ಕಟ್ಟಿ ತೋರಿಸಿದ್ದರು. ಪರ ಊರಿನ ಕಲೆಯ ಜೊತೆಜೊತೆಗೆ ತಮ್ಮದೇ ನೆಲದ ಮಣ್ಣನ್ನೂ ಕೊಚ್ಚಿಯವರು ಅಲ್ಲಿ ಕಂಡರು.

ಕಲಾವಿದರೇ ಕಟ್ಟುವ ಮೇಳ

ಇಲ್ಲೊಂದು ನಿಯಮವಿದೆ. ಪ್ರತಿ ಆವೃತ್ತಿಯ ಕ್ಯುರೇಟರ್ ಕಲಾವಿದರೇ ಆಗಿರುತ್ತಾರೆ. 2014ರಲ್ಲಿ ಜಿತೀಶ್ ಕಲ್ಲಾಟ್ ಬಂದರು. ಆಸ್ಪಿನ್‌ವಾಲ್‌ನ ನೆಲದೊಳಗೆ ಅನೀಶ್ ಕಪೂರ್ ಅವರ ಕಪ್ಪು ನೀರಿನ ಸುಳಿ ಎಡೆಬಿಡದೆ ತಿರುಗಿತು. ಮೈಸೂರಿನ ಎನ್.ಎಸ್. ಹರ್ಷ ಅವರ 70 ಅಡಿಗೂ ಉದ್ದದ ‘ಪುನರಪಿ ಜನನಂ ಪುನರಪಿ ಮರಣಂ’ ಚಿತ್ರ ಗೋಡೆಯುದ್ದಕ್ಕೂ ಹರಡಿತು. ಕಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಬಿನಾಲೆ ಆರಂಭವಾದದ್ದೂ ಆ ವರ್ಷವೇ.

2016ರ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ ಶೆಟ್ಟಿ. ಅವರ ತಂದೆ ಯಕ್ಷಗಾನ ಕಲಾವಿದರು. ಹಾಡು, ಮಾತು, ಕುಣಿತ, ಬಣ್ಣ ಒಂದೇ ರಂಗದಲ್ಲಿ ಸೇರುವ ಕಲೆಯನ್ನು ಮನೆಯಲ್ಲೇ ಕಂಡವರು ಬಿನಾಲೆಯನ್ನೂ ಹಾಗೇ ಕಟ್ಟಿದ್ದು ಸಹಜವೆನಿಸುತ್ತದೆ. ಕವಿಗಳು, ಸಂಗೀತಗಾರರು, ರಂಗಕರ್ಮಿಗಳು, ನರ್ತಕರು ಚಿತ್ರಕಾರರ ಜೊತೆ ಒಂದೇ ಪಟ್ಟಿಯಲ್ಲಿ ಬಂದರು. ಅರ್ಜೆಂಟೀನಾದ ಲೇಖಕ ಸೆರ್ಗಿಯೊ ಚೆಯ್‌ಫೆಕ್ ಅವರ ಕಾದಂಬರಿಯ ತುಣುಕುಗಳು ಊರಿನ ಗೋಡೆಗಳ ಮೇಲೆ ಮೂಡಿದವು.

ಆ ವರ್ಷ ಎಲ್ಲರ ಬಾಯಲ್ಲಿದ್ದದ್ದು ಚಿಲಿ ದೇಶದ ಕವಿ ರೌಲ್ ಸುರೀಟಾ ಅವರ ‘ನೋವಿನ ಕಡಲು’. ಉದ್ದನೆಯ ಗೋದಾಮಿನ ತುಂಬ ಸಮುದ್ರದ ನೀರು. ಚಪ್ಪಲಿ ಹೊರಗೆ ಬಿಟ್ಟು, ಪಂಚೆಯನ್ನೋ ಪ್ಯಾಂಟನ್ನೋ ಮೇಲಕ್ಕೆತ್ತಿಕೊಂಡು ನೀರಿಗಿಳಿಯಬೇಕು. ಎರಡೂ ಬದಿಯ ಗೋಡೆಯಲ್ಲಿ ಪ್ರಶ್ನೆಗಳಂಥ ಸಾಲುಗಳು. ನಡೆಯುತ್ತಾ ಕೊನೆಯ ಗೋಡೆ ತಲುಪಿದರೆ ಅಲ್ಲಿರುವುದು ಗಾಲಿಪ್ ಕುರ್ದಿಗಾಗಿ ಬರೆದ ಕವಿತೆ. ಟರ್ಕಿಯ ದಡದಲ್ಲಿ ಶವವಾಗಿ ಬಿದ್ದ ಪುಟ್ಟ ಅಲನ್ ಕುರ್ದಿಯ ಚಿತ್ರವನ್ನು 2015ರಲ್ಲಿ ಇಡೀ ಜಗತ್ತು ನೋಡಿತು. ಅವನ ಜೊತೆಗೇ ಮುಳುಗಿದ ಅಣ್ಣ ಗಾಲಿಪ್‌ನ ಚಿತ್ರ ಯಾರಿಗೂ ಸಿಗಲಿಲ್ಲ. ಆ ಕವಿತೆಯವರೆಗೆ ಹೋಗಲು ನೀರನ್ನು ದಾಟದೆ ಬೇರೆ ದಾರಿಯಿಲ್ಲ. ಹಾಗಾಗಿ ಓದುವವನ ಕಾಲಿಗೂ ಉಪ್ಪು ನೀರು ತಾಗಿಯೇ ತಾಗುತ್ತದೆ. ಪುಸ್ತಕದಲ್ಲಿ ಓದಿದ ಕವಿತೆ ಮಾಡಲಾರದ ಕೆಲಸವದು.

ಬುಧವಾರದ ಹಾಡು

ಬಿನಾಲೆಯಿಂದ ಹುಟ್ಟಿದ್ದರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಗೋದಾಮುಗಳ ಹೊರಗೆ ನಡೆದದ್ದು. 2014ರಲ್ಲಿ ಎರ್ನಾಕುಲಂನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಪ್ರತಿ ಬುಧವಾರ ಸಂಗೀತ ಕಾರ್ಯಕ್ರಮ ಶುರುವಾಯಿತು. ಬಿನಾಲೆ ಪ್ರತಿಷ್ಠಾನದ ಜೊತೆ ಕೈಜೋಡಿಸಿದ್ದು ಮೆಹಬೂಬ್ ಸ್ಮಾರಕ ಆರ್ಕೆಸ್ಟ್ರಾ.

ಎಚ್. ಮೆಹಬೂಬ್ ಕೊಚ್ಚಿಯವರ ಸ್ವಂತ ಗಾಯಕ. ಸಿನಿಮಾಕ್ಕೂ ಹಾಡಿದರು, ಮಟ್ಟಾಂಚೇರಿಯ ಮದುವೆ ಮನೆಗಳಲ್ಲಿ, ಗೆಳೆಯರ ಬೈಠಕ್‌ಗಳಲ್ಲಿ ಗಜಲ್ ಹಾಡಿ ಊರಿಗೆಲ್ಲ ‘ಭಾಯಿ’ ಎನಿಸಿಕೊಂಡರು. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಿಂದೂಸ್ತಾನಿ ಧಾಟಿಯಲ್ಲಿ ರಾತ್ರಿಯಿಡೀ ಹಾಡುವ ರೂಢಿ ಆ ಓಣಿಗಳಿಗೆ ಮೊದಲಿನಿಂದಲೂ ಇತ್ತು. ಅದೇ ಸಂಗೀತ ಈಗ ಚೀಟಿ ಹಿಡಿದು ಕಾಯುವ ರೋಗಿಗಳ ನಡುವೆ ಬಂತು. ಜಗತ್ತಿನ ಕಲೆಯನ್ನು ಊರಿಗೆ ತಂದವರು ಊರಿನ ಕಲೆಯನ್ನು ಮರೆಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದನಿಗೆ ಬಿನಾಲೆಯ ಒಳಗೂ ಜಾಗ ಬೆಳೆಯಿತು. 2018ರಲ್ಲಿ ಅನಿತಾ ದುಬೆ ಕ್ಯುರೇಟರ್ ಆಗಿದ್ದಾಗ ಶಿಲ್ಪಾ ಗುಪ್ತಾ ಒಂದು ಕತ್ತಲ ಕೋಣೆಯಲ್ಲಿ 100 ಮೈಕುಗಳನ್ನು ಇಳಿಬಿಟ್ಟರು. ಪ್ರತಿ ಮೈಕಿನ ಕೆಳಗೆ ಒಂದು ಕಬ್ಬಿಣದ ಸರಳು, ಸರಳಿಗೆ ಚುಚ್ಚಿದ ಒಂದು ಹಾಳೆ, ಹಾಳೆಯಲ್ಲಿ ಬರೆದದ್ದಕ್ಕಾಗಿ ಸೆರೆಮನೆ ಕಂಡ ಕವಿಯೊಬ್ಬರ ಸಾಲು. ಮೈಕುಗಳು ದನಿಯನ್ನು ಹಿಡಿಯುವುದಿಲ್ಲ, ಹೊರಡಿಸುತ್ತವೆ. ಒಂದು ಮೈಕು ಸಾಲು ನುಡಿದರೆ ಉಳಿದವು ಹಿಮ್ಮೇಳದಂತೆ ಅದನ್ನು ಎತ್ತಿಕೊಳ್ಳುತ್ತವೆ. ಭಾಷೆ ಅರ್ಥವಾಗದಿದ್ದರೂ ಒಬ್ಬರ ದನಿಗೆ ನೂರು ದನಿ ಸೇರುವುದು ಯಾರಿಗೂ ತಿಳಿಯುತ್ತದೆ.

ನಿಂತು ಮತ್ತೆ ನಡೆದದ್ದು

2018ರ ಆಗಸ್ಟ್‌ನ ಭೀಕರ ಪ್ರವಾಹದ ಬಳಿಕವೂ ಆ ಡಿಸೆಂಬರಿನಲ್ಲಿ ಬಿನಾಲೆ ನಡೆಯಿತು. ಪ್ರವಾಹ ಹಾಳುಗೆಡವಿದ ಮನೆಗಳ ಸಾಮಾನುಗಳೇ ಅಲ್ಲಿ ಕೃತಿಯಾದವು. 2020ರದ್ದನ್ನು ಕೋವಿಡ್ ತಡೆಯಿತು. 2022ರಲ್ಲಿ ಶುಬಿಗಿ ರಾವ್ ಅವರ ಆವೃತ್ತಿ ಉದ್ಘಾಟನೆಯ ಹೊತ್ತಿಗೆ ಸಿದ್ಧವಾಗದೆ ಡಿಸೆಂಬರ್ 12ರಿಂದ 23ಕ್ಕೆ ಹೋಯಿತು. ದೂರದಿಂದ ಬಂದವರು ನಿರಾಶರಾದರು, ಭಾಗವಹಿಸಿದ ಕಲಾವಿದರೇ ಬಹಿರಂಗ ಪತ್ರ ಬರೆದು ವ್ಯವಸ್ಥೆಯ ಲೋಪಗಳನ್ನು ಪ್ರಶ್ನಿಸಿದರು. ಆ ಟೀಕೆ ನ್ಯಾಯವಾಗಿತ್ತು. ಉತ್ಸಾಹದಿಂದ ಹುಟ್ಟಿದ ಮೇಳವನ್ನು ಉತ್ಸಾಹವೊಂದೇ ಕಾಪಾಡಲಾರದು. ಮಳೆಗೆ ಸೋರುವ ಮಾಡಿನ ಕೆಳಗೆ ಕೃತಿ ಇಡುವ ಕಲಾವಿದನಿಗೂ ಗೋಡೆ ಕಟ್ಟುವ ಬಡಗಿಗೂ ಸಕಾಲಕ್ಕೆ ಸಲ್ಲಬೇಕಾದದ್ದು ಸಲ್ಲಬೇಕು. 2025ರ ಡಿಸೆಂಬರ್ 12ರಂದು ಗೋವಾದ ನಿಖಿಲ್ ಚೋಪ್ರಾ ಮತ್ತು ಎಚ್‌ಎಚ್ ಆರ್ಟ್ ಸ್ಪೇಸಸ್ ಬಳಗದ ಹೊಣೆಯಲ್ಲಿ ಆರನೆಯ ಆವೃತ್ತಿ ತೆರೆಯಿತು.

ಇನ್ನು ನಮ್ಮ ಕಡೆ ನೋಡಿದರೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ, ಚಿತ್ರವನ್ನು ಬೀದಿಗೆ ತಂದು ಸಾಮಾನ್ಯರ ಕೈಗೆಟಕಿಸಿತು. ಅದು ಕೊಳ್ಳುವ ಸಂಭ್ರಮ. ಕೊಚ್ಚಿ ಕಲಿಸುವುದು ಕೊಳ್ಳದೆ, ಬರೀ ನೋಡುವ ಕೇಳುವ ಸಂಭ್ರಮವನ್ನು. ನಮಗೂ ಅದು ಬೇಕು. ಮಂಗಳೂರಿನ ಬಂದರು ಪ್ರದೇಶದ ಹಳೆಯ ಉಗ್ರಾಣಗಳು, ನದಿದಡದ ಮುಚ್ಚಿದ ಹೆಂಚಿನ ಕಾರ್ಖಾನೆಗಳು ನಮ್ಮಲ್ಲೂ ಇವೆ. ಕೊಚ್ಚಿಯಲ್ಲಿ ಹೆಸರು ಮಾಡಿದ ಕನ್ನಡ ನೆಲದ ಕಲಾವಿದರೂ ಇದ್ದಾರೆ.

ಅಂಥದೊಂದು ಮೇಳ ನಮ್ಮಲ್ಲಿ ಹುಟ್ಟುವವರೆಗೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮುಂದಿನ ಬಿನಾಲೆಯ ರಜೆಗೆ ಕೊಚ್ಚಿಗೆ ಹೊರಡುವಾಗ, ತಾನಾಗಿ ಎಂದೂ ಅಂಥಲ್ಲಿಗೆ ಹೋಗದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ: ಅತ್ತೆಯನ್ನೋ, ಪಿಯುಸಿ ಓದುವ ತಮ್ಮನನ್ನೋ, ಪಕ್ಕದ ಮನೆಯವರನ್ನೋ. ಏನೂ ವಿವರಿಸಬೇಡಿ, ಅವರು ಏನು ಹೇಳುತ್ತಾರೆಂದು ಕೇಳಿ. ಕೊಚ್ಚಿಯ ಮೇಳ ಬೆಳೆದದ್ದು ದೊಡ್ಡ ಜಾಹೀರಾತಿನಿಂದಲ್ಲ, ನೋಡಿ ಬಂದವರು ಇನ್ನೊಬ್ಬರನ್ನು ಕರೆತಂದದ್ದರಿಂದ. ಹೊಸ ಕಲೆ, ಹೊಸ ಸಂಗೀತ ಬೇರೂರುವುದು ಯಾವ ಊರಿನಲ್ಲೂ ಹೀಗೆಯೇ.