ವೇಗದ ಕಾರಿಗೆ ಸಾಧು ನಡಿಗೆ

ಮೋಟಾರು ಕಾರಿನ ಮಾತು ಬಂದಾಗ ಯುವಕರು ಮೊದಲು ಕೇಳುವ ಪ್ರಶ್ನೆ, ‘ಅದರ ಅಶ್ವಶಕ್ತಿ ಎಷ್ಟು?’ ಎಂಬುದು. ಪ್ರಶ್ನೆಯೇನೋ ಸರಿಯಾದುದೇ. ಆದರೆ ಅದಕ್ಕೆ ದೊರೆಯುವ ಉತ್ತರದಿಂದ ಕಾರು ರಸ್ತೆಯ ಮೇಲೆ ಹೇಗೆ ನಡೆಯುವುದೆಂಬುದು ತಿಳಿಯುವುದಿಲ್ಲ. ಜಪಾನಿನ ಹೋಂಡಾ ಸಂಸ್ಥೆಯು 1999ರಿಂದ 2009ರವರೆಗೆ ತಯಾರಿಸಿದ ಎಸ್-2000 ಎಂಬ ಎರಡು ಆಸನಗಳ ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಮಾರುಕಟ್ಟೆಗೆ ಮೊದಲು ಬಂದಾಗ ಅದರ ಎಂಜಿನ್ನಿನ ಸಾಮರ್ಥ್ಯ 240 ಅಶ್ವಶಕ್ತಿ. 2004ರ ಮಾದರಿಯಲ್ಲಿ ಸಂಸ್ಥೆಯು ಅದೇ ಮಾರುಕಟ್ಟೆಗಾಗಿ ಎಂಜಿನ್ನನ್ನೂ ಗೇರುಗಳನ್ನೂ ತಿದ್ದಿತು. ಆಗಲೂ ಪ್ರಕಟವಾದ ಅಂಕಿ 240 ಅಶ್ವಶಕ್ತಿಯೇ! ಹಾಗಾದರೆ ಇಷ್ಟೆಲ್ಲ ಶ್ರಮಪಟ್ಟು ಎಂಜಿನಿಯರುಗಳು ಸಾಧಿಸಿದುದೇನು? ಅಂಕಿಯಲ್ಲಿ ಕಾಣದ ಒಂದು ಗುಣವನ್ನು ಅವರು ಸಾಧಿಸಿದರು. ದಿನನಿತ್ಯದ ರಸ್ತೆಯಲ್ಲಿ ಚಾಲಕನ ಕಾಲಿನ ಅಪ್ಪಣೆಗೆ ಕಾರು ತಡಮಾಡದೆ ಓಗೊಡುವಂತೆ ಮಾಡಿದರು.

ಮೊದಲಿನ ಎಂಜಿನ್ನನ್ನು ನೋಡೋಣ. ನಾಲ್ಕು ಸಿಲಿಂಡರುಗಳು, ಒಟ್ಟು ಗಾತ್ರ 1997 ಘನ ಸೆಂಟಿಮೀಟರು. ಎಂದರೆ ಲೀಟರೊಂದಕ್ಕೆ 120 ಅಶ್ವಶಕ್ತಿ. ಗಾಳಿಯನ್ನು ಬಲವಂತವಾಗಿ ತುಂಬುವ ಟರ್ಬೊ ಮೊದಲಾದ ಸಾಧನಗಳ ನೆರವಿಲ್ಲದೆ ಇಷ್ಟನ್ನು ಹೊರಡಿಸುವುದು ಸಾಮಾನ್ಯ ಸಂಗತಿಯಲ್ಲ. ಇದಕ್ಕಿದ್ದ ಮುಖ್ಯ ಉಪಾಯ ಎಂಜಿನ್ನನ್ನು ಅತಿ ವೇಗವಾಗಿ ತಿರುಗಿಸುವುದು. ಆದುದರಿಂದ ಇದು ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತಿದ್ದುದು ನಿಮಿಷಕ್ಕೆ 8300 ಸುತ್ತುಗಳಲ್ಲಿ. ಅದರ ಮೇಲ್ಮಿತಿ 9000 ಸುತ್ತು. ಈ ಮಿತಿಯಲ್ಲಿ ಎಂಜಿನ್ನು ಸೆಕೆಂಡಿಗೆ 150 ಸಲ ಸುತ್ತುತ್ತದೆ. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಇಳಿಯುವುದಕ್ಕೆ ಸೆಕೆಂಡಿನ ಮುನ್ನೂರನೆಯ ಒಂದು ಭಾಗ ಸಾಕು. ಹೆಚ್ಚುಕಡಮೆ ಇಷ್ಟೇ ಅವಧಿಯಲ್ಲಿ ಅರ್ಧ ಲೀಟರು ಗಾಳಿ ಕವಾಟಗಳ ಸಂದಿಯಿಂದ ಒಳಕ್ಕೆ ನುಗ್ಗಬೇಕು.

ಗಾಳಿಗೂ ತೂಕವುಂಟು, ಜಡತ್ವವುಂಟು. ನಿಂತ ಗಾಳಿ ಹೊರಡಲು ತಡಮಾಡುತ್ತದೆ. ಹೊರಟ ಗಾಳಿ ನಿಲ್ಲಲು ತಡಮಾಡುತ್ತದೆ. ಆದುದರಿಂದ ಅತಿ ವೇಗದ ಎಂಜಿನ್ನಿನಲ್ಲಿ ಒಳಬಾಗಿಲ ಕವಾಟವನ್ನು ಬೇಗನೆ ತೆರೆದು, ಪಿಸ್ಟನ್ನು ತಳ ಮುಟ್ಟಿ ಮತ್ತೆ ಮೇಲೇರತೊಡಗಿದ ಬಳಿಕವೂ ಕೆಲಹೊತ್ತು ತೆರೆದೇ ಇಡುತ್ತಾರೆ. ನುಗ್ಗುತ್ತಿರುವ ಗಾಳಿ ತನ್ನ ರಭಸದಿಂದಲೇ ಇನ್ನಷ್ಟು ಒಳಸೇರುತ್ತದೆ. ಆದರೆ ಅದೇ ಎಂಜಿನ್ನು 2000 ಸುತ್ತುಗಳಲ್ಲಿ ನಿಧಾನವಾಗಿ ತಿರುಗುವಾಗ ಗಾಳಿಗೆ ಆ ರಭಸವೆಲ್ಲಿ? ಮೇಲೇರುವ ಪಿಸ್ಟನ್ನು ಆಗತಾನೆ ಒಳಬಂದ ಗಾಳಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನೂಕಿಬಿಡುತ್ತದೆ. ಸಿಲಿಂಡರು ಪೂರ್ತಿ ತುಂಬುವುದಿಲ್ಲ, ಎಂಜಿನ್ನು ಸೊರಗುತ್ತದೆ. ಓಟದ ಪಂದ್ಯಕ್ಕೆಂದು ಹದಮಾಡಿದ ಎಂಜಿನ್ನುಗಳು ಊರಿನ ಬೀದಿಯಲ್ಲಿ ತೊದಲುತ್ತ, ಜರ್ಕು ಹೊಡೆಯುತ್ತ ನಡೆಯುವುದಕ್ಕೆ ಇದೇ ಕಾರಣ.

ಈ ತೊಡಕಿಗೆ ಹೋಂಡಾ ಎಂಜಿನಿಯರುಗಳು 1989ರಷ್ಟು ಹಿಂದೆಯೇ ಒಂದು ಪರಿಹಾರವನ್ನು ಮಾರುಕಟ್ಟೆಗೆ ತಂದಿದ್ದರು. ಕವಾಟಗಳನ್ನು ಒತ್ತಿ ತೆರೆಯುವ ಕ್ಯಾಮುಗಳನ್ನು ಎರಡು ಬಗೆಯಲ್ಲಿ ಕಡೆದು ಒಂದೇ ದಂಡದ ಮೇಲೆ ಕೂಡಿಸುವುದೇ ಆ ಉಪಾಯ. ಒಂದು ಬಗೆ ಸಾಧುವಾದುದು. ಕವಾಟವನ್ನು ಕಡಮೆ ಹೊತ್ತು, ಕಡಮೆ ಎತ್ತರಕ್ಕೆ ತೆರೆಯುತ್ತದೆ. ಇನ್ನೊಂದು ಉಗ್ರವಾದುದು. ನಿಧಾನ ನಡೆಯಲ್ಲಿ ಮೊದಲನೆಯದು ಕೆಲಸಮಾಡುತ್ತದೆ. ಎಸ್-2000 ಕಾರಿನಲ್ಲಿ ಸುಮಾರು 6000 ಸುತ್ತುಗಳನ್ನು ಮುಟ್ಟಿದೊಡನೆ ಎಣ್ಣೆಯ ಒತ್ತಡದಿಂದ ಒಂದು ಚಿಕ್ಕ ಗೂಟ ಸರಿದು ಎರಡನೆಯ ಕ್ಯಾಮನ್ನು ಕವಾಟಗಳಿಗೆ ಜೋಡಿಸುತ್ತದೆ. ಒಂದೇ ಎಂಜಿನ್ನಿಗೆ ಎರಡು ಸ್ವಭಾವಗಳು! ಆದರೂ ಎರಡು ಲೀಟರಿನ ಎಂಜಿನ್ನು ಎರಡು ಲೀಟರಿನದೇ. 6000ದ ಕೆಳಗೆ ಅದು ಸಾಧು ಕ್ಯಾಮಿನಲ್ಲಿ ಸಾಮಾನ್ಯ ಕಾರಿನಂತೆಯೇ ನಡೆಯುತ್ತಿತ್ತು. ದೊಡ್ಡ ಎಂಜಿನ್ನುಗಳಿಗೆ ಒಗ್ಗಿದ್ದ ಅಮೆರಿಕದ ಚಾಲಕರಿಗೆ ಇದು ರುಚಿಸಲಿಲ್ಲ.

ಇಲ್ಲಿ ಶಕ್ತಿಗೂ ತಿರುಗುಬಲಕ್ಕೂ ಇರುವ ವ್ಯತ್ಯಾಸವನ್ನು ಸ್ಪಷ್ಟಮಾಡಿಕೊಳ್ಳಬೇಕು. ತಿರುಗುಬಲವೆಂದರೆ ಎಂಜಿನ್ನಿನ ದಂಡವು ತಿರುಚುವ ಬಲ. ವಾಡಿಕೆಯಲ್ಲಿ ಟಾರ್ಕ್ ಎನ್ನುತ್ತಾರೆ. ಬಾವಿಯ ರಾಟೆಯ ಹಿಡಿಯನ್ನು ಎಷ್ಟು ಬಲವಾಗಿ ತಿರುಗಿಸುತ್ತೀರೆಂಬುದು ತಿರುಗುಬಲವಾದರೆ, ನಿಮಿಷಕ್ಕೆ ಎಷ್ಟು ನೀರನ್ನು ಮೇಲೆತ್ತುತ್ತೀರೆಂಬುದು ಶಕ್ತಿ. ತಿರುಗುಬಲವನ್ನು ನ್ಯೂಟನ್-ಮೀಟರುಗಳಲ್ಲಿ ತೆಗೆದುಕೊಂಡು, ನಿಮಿಷದ ಸುತ್ತುಗಳಿಂದ ಗುಣಿಸಿ, 9549ರಿಂದ ಭಾಗಿಸಿದರೆ ಶಕ್ತಿಯು ಕಿಲೋವ್ಯಾಟುಗಳಲ್ಲಿ ದೊರೆಯುತ್ತದೆ. 240 ಅಶ್ವಶಕ್ತಿಯೆಂದರೆ ಸುಮಾರು 179 ಕಿಲೋವ್ಯಾಟು. ಇದು 8300 ಸುತ್ತುಗಳಲ್ಲಿ ದೊರೆಯಬೇಕಾದರೆ ತಿರುಗುಬಲ 206 ಇದ್ದರೆ ಸಾಕು. ಅದೇ ಶಕ್ತಿ 7800 ಸುತ್ತುಗಳಲ್ಲೇ ದೊರೆಯಬೇಕಾದರೆ 219 ಬೇಕು. ಅಶ್ವಶಕ್ತಿಯ ಅಂಕಿ ಬದಲಾಗದಿದ್ದರೂ ಅದರ ಹಿಂದಿನ ಬಲ ಬದಲಾಗಬಹುದೆಂಬುದು ಇದರಿಂದ ವೇದ್ಯವಾಗುವುದು. ಹೋಂಡಾ ಮಾಡಿದುದೂ ಇದನ್ನೇ. ಹಳೆಯ ಎಂಜಿನ್ನಿನ ಗರಿಷ್ಠ ತಿರುಗುಬಲ 7500 ಸುತ್ತುಗಳಲ್ಲಿ 207 ನ್ಯೂಟನ್-ಮೀಟರು. ಹೊಸದರಲ್ಲಿ ಅದು 6500 ಸುತ್ತುಗಳಲ್ಲೇ ಸುಮಾರು 220. ಹೆಚ್ಚಿದ ಬಲಕ್ಕಿಂತ, ಅದು ಒಂದು ಸಾವಿರ ಸುತ್ತುಗಳಷ್ಟು ಮೊದಲೇ ಕೈಗೆ ಸಿಗುವುದೇ ಹೆಚ್ಚಿನ ಲಾಭವೆಂದು ನನ್ನ ಅಭಿಪ್ರಾಯ.

ಇದನ್ನು ಸಾಧಿಸಿದ ಬಗೆ ಸರಳವಾದುದು. ಸಿಲಿಂಡರಿನ ವ್ಯಾಸವನ್ನು ಮೊದಲಿನ 87 ಮಿಲಿಮೀಟರಿನಲ್ಲೇ ಬಿಟ್ಟು, ಪಿಸ್ಟನ್ನಿನ ಓಟವನ್ನು 84ರಿಂದ 90.7 ಮಿಲಿಮೀಟರಿಗೆ ಹೆಚ್ಚಿಸಿದರು. ಗಾತ್ರ 2157 ಘನ ಸೆಂಟಿಮೀಟರಾಯಿತು. ಆದರೆ ಯಂತ್ರಶಾಸ್ತ್ರದಲ್ಲಿ ಬಿಟ್ಟಿಯಾಗಿ ದೊರೆಯುವುದು ಯಾವುದೂ ಇಲ್ಲವಷ್ಟೆ. ಹಳೆಯ ಎಂಜಿನ್ನಿನಲ್ಲಿ 9000 ಸುತ್ತುಗಳಾದಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರು. ಪ್ರತಿಯೊಂದು ಸುತ್ತಿನಲ್ಲೂ ಅದು ಎರಡು ಬಾರಿ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಓಟದ ಮೇಲ್ತುದಿಯಲ್ಲಿ ಅದರ ವೇಗೋತ್ಕರ್ಷವು ಭೂಮಿಯ ಗುರುತ್ವದ 3800 ಮಡಿಯನ್ನು ಮೀರುತ್ತದೆ. ಅಲ್ಲಿ ನೂರು ಗ್ರಾಮಿನ ಲೋಹ ತನ್ನನ್ನು ಹಿಡಿದಿರುವ ದಂಡವನ್ನು ಜಗ್ಗುವ ಬಲ, 380 ಕಿಲೋಗ್ರಾಮಿನ ಭಾರವನ್ನು ನೇತುಹಾಕಿದುದಕ್ಕಿಂತಲೂ ಹೆಚ್ಚು! ಓಟವನ್ನು 90.7ಕ್ಕೆ ಹೆಚ್ಚಿಸಿ 9000 ಸುತ್ತುಗಳನ್ನೇ ಉಳಿಸಿಕೊಂಡಿದ್ದರೆ ಸರಾಸರಿ ವೇಗ 27 ಮೀಟರುಗಳನ್ನು ದಾಟುತ್ತಿತ್ತು. ಆದುದರಿಂದ ಮೇಲ್ಮಿತಿಯನ್ನು 8000ಕ್ಕೆ ಇಳಿಸಿದರು; ಸರಾಸರಿ ವೇಗ 24.2 ಮೀಟರಿಗೆ ಬಂದಿತು.

ಎಂಜಿನ್ನಿನ ಕಥೆ ಇಷ್ಟಾಯಿತು. ಆದರೆ ರಸ್ತೆಯನ್ನು ಒದೆಯುವುದು ಎಂಜಿನ್ನಲ್ಲ, ಚಕ್ರ. ನಡುವೆ ಇರುವ ಹಲ್ಲುಚಕ್ರಗಳು ಸನ್ನೆಗೋಲಿನಂತೆ ಕೆಲಸಮಾಡುತ್ತವೆ. ವೇಗವನ್ನು ಕಳೆದಷ್ಟೂ ಬಲ ಹೆಚ್ಚುತ್ತದೆ. ಘಾಟಿಯೇರುವ ಲಾರಿಯ ಚಾಲಕನು ಗೇರು ಇಳಿಸುವುದು ಇದಕ್ಕಾಗಿಯೇ. ಎಸ್-2000 ಕಾರಿನಲ್ಲಿ ಈ ಇಳಿತ ಮೂರು ಹಂತಗಳಲ್ಲಿ ನಡೆಯುತ್ತದೆ: ಚಾಲಕನು ಆರಿಸುವ ಗೇರು, ಗೇರುಪೆಟ್ಟಿಗೆಯೊಳಗೇ ಇರುವ ಒಂದು ಸ್ಥಿರವಾದ ಜೋಡಿ, ಹಿಂದಿನ ಚಕ್ರಗಳ ನಡುವಿನ ಕೊನೆಯ ಜೋಡಿ. ಹಳೆಯ ಕಾರಿನ ಮೂರನೆಯ ಗೇರಿನಲ್ಲಿ ಇವು ಕ್ರಮವಾಗಿ 1.481, 1.160, 4.10. ಮೂರನ್ನೂ ಗುಣಿಸಿದರೆ 7.04, ಎಂದರೆ ಚಕ್ರ ಒಂದು ಸುತ್ತು ತಿರುಗುವಾಗ ಎಂಜಿನ್ನು ಏಳು ಸುತ್ತು ತಿರುಗುತ್ತದೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ, ಆರನೆಯ ಗೇರಿನಲ್ಲಿ ಸಾಗುತ್ತಿದ್ದೀರಿ. ಎಂಜಿನ್ನು ಸುಮಾರು 3250 ಸುತ್ತುಗಳಲ್ಲಿ ನೆಮ್ಮದಿಯಾಗಿ ತಿರುಗುತ್ತಿದೆ. ಮುಂದಿನ ವಾಹನವನ್ನು ದಾಟಬೇಕು. ಎದುರಿನಿಂದ ಇನ್ನೊಂದು ಬರುವ ಮೊದಲೇ ದಾಟಿ ಮುಗಿಸಬೇಕು. ಆಕ್ಸಿಲರೇಟರನ್ನು ಒತ್ತಿದರೆ ಹೆಚ್ಚೇನೂ ಆಗುವುದಿಲ್ಲ. ಎಂಜಿನ್ನು ತನ್ನ ಬಲದ ನೆಲೆಯಿಂದ ಬಹುದೂರದಲ್ಲಿದೆ. ಆರರಿಂದ ಮೂರನೆಯ ಗೇರಿಗೆ ಇಳಿದರೂ ಸುತ್ತುಗಳು ಸುಮಾರು 5900. ಉಗ್ರ ಕ್ಯಾಮಿನ ಹೊಸ್ತಿಲಲ್ಲಿ ನಿಂತಂತಾಯಿತು, ಗರಿಷ್ಠ ತಿರುಗುಬಲಕ್ಕೆ ಇನ್ನೂ 1600 ಸುತ್ತುಗಳ ದೂರ. ಈ ತಡವು ಪಂದ್ಯದ ಮೈದಾನದಲ್ಲಿ ಲೆಕ್ಕಕ್ಕಿಲ್ಲ, ಏಕೆಂದರೆ ಅಲ್ಲಿ ಯಾರೂ 6000ದ ಕೆಳಗೆ ಇಳಿಯುವುದೇ ಇಲ್ಲ. ಇಬ್ಬದಿಯ ಸಂಚಾರವಿರುವ ರಸ್ತೆಯಲ್ಲಿ ಅದು ಪ್ರಾಣದ ಪ್ರಶ್ನೆ.

2004ರ ಕಾರಿನಲ್ಲಿ ನಡುವಿನ ಸ್ಥಿರ ಜೋಡಿಯನ್ನು 1.160ರಿಂದ 1.208ಕ್ಕೆ ಬದಲಿಸಿದರು. ಒಂದೇ ಜೋಡಿಯನ್ನು ಬದಲಿಸಿದುದರಿಂದ ಒಂದರಿಂದ ನಾಲ್ಕರವರೆಗಿನ ಎಲ್ಲ ಗೇರುಗಳೂ ನೂರಕ್ಕೆ ನಾಲ್ಕರಷ್ಟು ಬಲಗೊಂಡವು. ಮೇಲಿನ ಸಂದರ್ಭದಲ್ಲೇ ಹೊಸ ಕಾರಿನ ಮೂರನೆಯ ಗೇರನ್ನು ಹಾಕಿದರೆ ಎಂಜಿನ್ನು ಸುಮಾರು 6200 ಸುತ್ತುಗಳಲ್ಲಿರುತ್ತದೆ. ಗರಿಷ್ಠ ತಿರುಗುಬಲ ಅಲ್ಲಿಂದ ಕೂಗಳತೆಯ ದೂರ. ಎಂಜಿನ್ನಿನಿಂದ ನೂರಕ್ಕೆ ಆರು, ಗೇರಿನಿಂದ ನೂರಕ್ಕೆ ನಾಲ್ಕು. ಎರಡೂ ಗುಣಿತವಾಗಿ, ಚಕ್ರವು ರಸ್ತೆಯನ್ನು ನೂಕುವ ಗರಿಷ್ಠ ಬಲ ನೂರಕ್ಕೆ ಹತ್ತಕ್ಕಿಂತಲೂ ತುಸು ಹೆಚ್ಚಾಯಿತು. ಐದು ಮತ್ತು ಆರನೆಯ ಗೇರುಗಳ ಮಾತು ಬೇರೆ. ಅವುಗಳನ್ನು 0.970, 0.810ರಿಂದ 0.942, 0.763ಕ್ಕೆ ಇಳಿಸಿ ಸ್ಥಿರ ಜೋಡಿಯ ಪರಿಣಾಮವನ್ನು ಸರಿದೂಗಿಸಿದರು. ಇದರಿಂದ ಹೊಸ ಕಾರು ಆರನೆಯ ಗೇರಿನಲ್ಲಿ 100 ಕಿಲೋಮೀಟರು ವೇಗದಲ್ಲಿ ಸಾಗುವಾಗ ಎಂಜಿನ್ನು ತಿರುಗುವುದು ಸುಮಾರು 3200 ಸುತ್ತು. ಹಳೆಯದಕ್ಕಿಂತ ತುಸು ಕಡಮೆಯೇ. ಕೆಳಗಿನ ಗೇರುಗಳಲ್ಲಿ ಬಲ, ಮೇಲಿನದರಲ್ಲಿ ವಿಶ್ರಾಂತಿ. ಇಡೀ ತಿದ್ದುಪಡಿಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದುದು ಈ ಸಣ್ಣ ಜಾಣತನ.

ಇನ್ನು ಕಳೆದುಕೊಂಡುದನ್ನೂ ಹೇಳಬೇಕು. ಹಳೆಯ ಕಾರು ಎರಡನೆಯ ಗೇರಿನಲ್ಲಿ 9000 ಸುತ್ತು ಮುಟ್ಟುವಷ್ಟರಲ್ಲಿ ಲೆಕ್ಕದ ಪ್ರಕಾರ ಗಂಟೆಗೆ 110 ಕಿಲೋಮೀಟರು ತಲಪುತ್ತದೆ. ಹೊಸದು 8000 ಸುತ್ತುಗಳಲ್ಲಿ 94ಕ್ಕೇ ಮುಗಿಸುತ್ತದೆ. ಗೇರು ಬದಲಿಸುವ ಕೆಲಸ ಹೆಚ್ಚಿತು. ಇನ್ನೊಂದು ಸಂಗತಿ: ಒಂದರಿಂದ ಎರಡನೆಯ ಗೇರಿಗೆ ಹೋದಾಗ ಸುತ್ತುಗಳು ನೂರಕ್ಕೆ ಅರವತ್ತೈದಕ್ಕೆ ಇಳಿಯುತ್ತವೆ. ಹಳೆಯ ಎಂಜಿನ್ನು 9000ದಿಂದ ಸುಮಾರು 5900ಕ್ಕೆ ಇಳಿದು ಉಗ್ರ ಕ್ಯಾಮಿನ ಅಂಚಿನಲ್ಲೇ ನಿಲ್ಲುತ್ತಿತ್ತು. ಆ ಅಂಕಿಗಳು ಒಂದಕ್ಕೊಂದು ಹಾಗೆ ಹೊಂದಿಕೊಂಡಿದ್ದವು. ಹೊಸದು 8000ದಿಂದ 5200ಕ್ಕೆ, ಸಾಧು ಕ್ಯಾಮಿನ ವಲಯಕ್ಕೇ ಬೀಳುತ್ತದೆ. ಅಲ್ಲಿಯೂ ಸಾಕಷ್ಟು ತಿರುಗುಬಲವಿರುವುದರಿಂದ ಕಾರು ಮುಗ್ಗರಿಸುವುದಿಲ್ಲ. ಆದರೆ ಒಂಬತ್ತು ಸಾವಿರ ಸುತ್ತುಗಳ ಆ ಆರ್ಭಟವನ್ನು ಮೆಚ್ಚಿದ್ದವರು ಈ ಬದಲಾವಣೆಯನ್ನು ಒಪ್ಪಲಿಲ್ಲ. ಯೂರೋಪಿನಲ್ಲಿ ಕೊನೆಯವರೆಗೂ ಎರಡು ಲೀಟರಿನ ಎಂಜಿನ್ನೇ ಮಾರಾಟವಾಯಿತು. ಜಪಾನಿನಲ್ಲಿ ಎಂಜಿನ್ನಿನ ಗಾತ್ರ ಎರಡು ಲೀಟರನ್ನು ಮೀರಿದರೆ ವಾರ್ಷಿಕ ತೆರಿಗೆ ಹೆಚ್ಚುತ್ತದೆ. ಆದರೂ ಅಲ್ಲಿ 2005ರ ನವೆಂಬರಿನಿಂದ ದೊಡ್ಡ ಎಂಜಿನ್ನನ್ನೇ ಹಾಕಿದರು. ಅಲ್ಲಿಯ ಅಳತೆಯಲ್ಲಿ ಶಕ್ತಿ 250ರಿಂದ 242ಕ್ಕೆ ಇಳಿಯಿತು.

ಉಗ್ರ ಕ್ಯಾಮು ಜೋಡಿಕೊಂಡಾಗ ಬೆನ್ನಿಗೆ ಒದ್ದಂತಾಗುವ ಅನುಭವವನ್ನು ಕೆಲವರು ಕೊಂಡಾಡುವುದುಂಟು. ಎಂಜಿನಿಯರನ ದೃಷ್ಟಿಯಲ್ಲಿ ಅದು ಹೊಗಳಿಕೆಯ ವಿಷಯವಲ್ಲ. ಎರಡು ಕ್ಯಾಮುಗಳ ತಿರುಗುಬಲದ ರೇಖೆಗಳನ್ನು ಒಂದೇ ಹಾಳೆಯಲ್ಲಿ ಬರೆದರೆ, ಅವು ಪರಸ್ಪರ ಕತ್ತರಿಸುವ ಬಿಂದುವೇ ಬದಲಾವಣೆಗೆ ಯೋಗ್ಯವಾದ ಸ್ಥಳ. ಅಲ್ಲಿ ಬದಲಿಸಿದರೆ ಚಾಲಕನಿಗೆ ಸದ್ದಿನ ವ್ಯತ್ಯಾಸ ಕೇಳಿಸೀತೇ ಹೊರತು ಬಲದ ನೆಗೆತ ತಿಳಿಯದು. ಒದೆತ ತಿಳಿಯಿತೆಂದರೆ, ಸಾಧು ಕ್ಯಾಮು ಸೋತು ಬಹಳ ಹೊತ್ತಾದ ಮೇಲೆ ಬದಲಾವಣೆ ನಡೆಯಿತೆಂದು ಅರ್ಥ. ಬೇರೆ ಗಾಳಿಕೊಳವೆ, ಹೊಗೆಕೊಳವೆಗಳನ್ನು ಹಾಕಿದವರು ಈ ಬಿಂದುವನ್ನು ಅಳೆದು ಮತ್ತೆ ಹೊಂದಿಸಬೇಕಾಗುತ್ತದೆ. ಗಾಳಿಯ ಹರಿವು ಬದಲಾದರೆ ಎರಡು ರೇಖೆಗಳೂ ಜರುಗುತ್ತವೆ.

ಹಳೆಯ ಕಾರನ್ನೇ ಇಟ್ಟುಕೊಂಡವರಿಗೆ ಇನ್ನೊಂದು ದಾರಿಯಿದೆ. ಎಂಜಿನ್ನನ್ನು ಮುಟ್ಟದೆ, ಹಿಂದಿನ ಚಕ್ರಗಳ ನಡುವಿನ 4.10ರ ಜೋಡಿಯನ್ನು ತೆಗೆದು 4.44 ಅಥವಾ 4.57ರದನ್ನು ಹಾಕಿಸುತ್ತಾರೆ. ಮೊದಲನೆಯದರಿಂದ ನೂರಕ್ಕೆ ಎಂಟು, ಎರಡನೆಯದರಿಂದ ನೂರಕ್ಕೆ ಹನ್ನೊಂದಕ್ಕಿಂತ ತುಸು ಹೆಚ್ಚು ಬಲ ಎಲ್ಲ ಗೇರುಗಳಲ್ಲೂ ದೊರೆಯುತ್ತದೆ. ಗಿರಣಿಯ ಕೆಲಸವಿಲ್ಲ, ಪಿಸ್ಟನ್ನಿನ ಚಿಂತೆಯಿಲ್ಲ. 9000 ಸುತ್ತುಗಳೂ ಉಳಿಯುತ್ತವೆ. ಆದರೆ ‘ಎಲ್ಲ ಗೇರುಗಳಲ್ಲೂ’ ಎಂಬ ಮಾತನ್ನು ಗಮನಿಸಬೇಕು. ಹೋಂಡಾ ಆರನೆಯ ಗೇರಿಗೆ ಕೊಟ್ಟ ವಿನಾಯಿತಿ ಇಲ್ಲಿಲ್ಲ. 4.57ರ ಜೋಡಿಯನ್ನು ಹಾಕಿದ ಕಾರು 100 ಕಿಲೋಮೀಟರು ವೇಗದಲ್ಲಿ ಸಾಗುವಾಗ ಎಂಜಿನ್ನು ಸುಮಾರು 3600 ಸುತ್ತುಗಳಲ್ಲಿ ತಿರುಗುತ್ತದೆ. ಗಂಟೆಯೊಂದಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಹೆಚ್ಚಿನ ಸುತ್ತುಗಳು.