ಹೆದ್ದಾರಿವರೆಗೆ ಸೈಕಲ್, ಅಲ್ಲಿಂದ ಬಸ್ಸು

ಸಾರ್ವಜನಿಕ ಸಾರಿಗೆ ಎಂದಕೂಡಲೇ ನಮ್ಮ ಮಾತು ಬೆಂಗಳೂರಿನ ಮೆಟ್ರೊ ಸುತ್ತಲೇ ಸುತ್ತುತ್ತದೆ. ಸೈಕಲ್ ಎಂದರೆ ಮೈಸೂರಿನಲ್ಲಿ 2017ರಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’ ನೆನಪಾಗುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಪಟ್ಟಣಗಳ ಕಥೆ ಬೇರೆ. ಇಲ್ಲಿ ಪಟ್ಟಣದ ಸಂಚಾರ ಶುರುವಾಗುವುದೇ ಸುತ್ತಲಿನ ಹಳ್ಳಿಗಳಿಂದ. ಕಾಲೇಜು, ದೊಡ್ಡಾಸ್ಪತ್ರೆ, ಮಾರುಕಟ್ಟೆ, ತಹಶೀಲ್ದಾರ್ ಕಚೇರಿ ಎಲ್ಲಕ್ಕೂ ಪಾಮನಕಲ್ಲೂರಿನಂಥ ಊರಿನವರು ಪಟ್ಟಣಕ್ಕೇ ಹೋಗಬೇಕು. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಈ ಊರು ಈಗ ಮಸ್ಕಿ ತಾಲ್ಲೂಕಿಗೆ ಸೇರಿದೆ. ಕಚೇರಿಯ ವಿಳಾಸ ಬದಲಾದಷ್ಟು ಸುಲಭವಾಗಿ ಬಸ್ಸಿನ ಮಾರ್ಗ, ವೇಳೆ ಬದಲಾಗುವುದಿಲ್ಲ. ಹೀಗಾಗಿ ಈ ಭಾಗದ ಪಟ್ಟಣಗಳ ಸಾರಿಗೆ ಸುಧಾರಿಸಬೇಕಾದರೆ ಕೆಲಸ ಹಳ್ಳಿಯ ತುದಿಯಿಂದ ಶುರುವಾಗಬೇಕು, ಮತ್ತು ಬಸ್ಸನ್ನೂ ಸೈಕಲನ್ನೂ ಒಂದೇ ವ್ಯವಸ್ಥೆಯಾಗಿ ನೋಡಬೇಕು ಎಂಬುದು ನನ್ನ ವಾದ.

2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣಗಳ ಸಂಖ್ಯೆ 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿತು. ಹೆಣ್ಣುಮಕ್ಕಳು ಮನೆಯಲ್ಲಿ ಕೂತದ್ದು ಮನಸ್ಸಿಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಯೋಜನೆ ಇನ್ನೊಂದಿಲ್ಲ. ಆದರೆ ಉಚಿತ ಟಿಕೆಟ್ ಉಪಯೋಗಕ್ಕೆ ಬರುವುದು ಬಸ್ಸು ಬಂದರೆ ಮಾತ್ರ. ಊರು ರಸ್ತೆಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗಿದ್ದರೆ, ಬಸ್ಸು ಹಿಡಿಯುವ ಜಾಗಕ್ಕೆ ತಲುಪುವುದೇ ದಿನದ ಮೊದಲ ಹೋರಾಟ. ಇದು ಸರ್ಕಾರದ ಲೆಕ್ಕಕ್ಕೂ ಸಿಕ್ಕಿಲ್ಲ. 2011ರ ಜನಗಣತಿ ಕೆಲಸಕ್ಕೆ ಹೇಗೆ ಹೋಗುತ್ತೀರಿ, ಎಷ್ಟು ದೂರ ಎಂದು ಕೇಳಿತಾದರೂ ಆ ಪ್ರಶ್ನೆ ರೈತರಿಗೂ ಕೃಷಿ ಕೂಲಿಗಳಿಗೂ ಇರಲಿಲ್ಲ. ಹತ್ತಿ ಬಿಡಿಸಲು, ಕಳೆ ಕೀಳಲು ಬೆಳಿಗ್ಗೆ ಟಂಟಂನಲ್ಲಿ, ಗೂಡ್ಸ್ ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ಹೋಗುವ ಹೆಂಗಸರು ದೇಶದ ಪ್ರಯಾಣಿಕರ ಪಟ್ಟಿಯಲ್ಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದವರಿಗೆ ಬಸ್ಸು ಬಿಡುವ ಯೋಚನೆ ಯಾರಿಗೆ ಬರಬೇಕು?

ಸೈಕಲ್ಲಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಳ್ಳೆಯ ಅನುಭವವಿದೆ. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು, ಆಮೇಲೆ ವರ್ಷಗಟ್ಟಲೆ ಮಕ್ಕಳಿಗೆ ಸೈಕಲ್ ಸಿಗಲಿಲ್ಲ. ಅದೇ 2006ರಲ್ಲಿ ಬಿಹಾರದಲ್ಲಿ ಹುಡುಗಿಯರಿಗೆ ಸೈಕಲ್ ಕೊಟ್ಟದ್ದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತ್ತು. ಹೆಚ್ಚಿನ ಲಾಭ ಆದದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ನಮ್ಮ ಯೋಜನೆಯಲ್ಲಿ ನನಗೆ ಕಂಡ ದೊಡ್ಡ ದೋಷ ಒಂದು: ಬಸ್ ಪಾಸ್ ಇದ್ದವರಿಗೆ ಸೈಕಲ್ ಇಲ್ಲ ಎಂಬ ನಿಯಮ. ಒಳಗಿನ ಹಳ್ಳಿಯ ಹುಡುಗಿಗೆ ಎರಡೂ ಬೇಕು. ಸೈಕಲ್ ಅವಳನ್ನು ಡಾಂಬರು ರಸ್ತೆಗೆ ತರಬೇಕು, ಪಾಸು ಅಲ್ಲಿಂದ ಕಾಲೇಜಿಗೆ ಒಯ್ಯಬೇಕು. ಸಂಜೆವರೆಗೆ ಸೈಕಲ್ಲಿಗೆ ಬೀಗ ಹಾಕಿ ನಿಲ್ಲಿಸಲು ನೆರಳಿರುವ ಸ್ಟ್ಯಾಂಡ್ ಬೇಕು. ಬಸ್ ತಂಗುದಾಣ ಕಟ್ಟುವಾಗ ಈ ಸ್ಟ್ಯಾಂಡನ್ನು ಯಾರೂ ನೆನೆಸಿಕೊಳ್ಳುವುದಿಲ್ಲ.

ರಾಯಚೂರಿನ ಬಿಸಿಲಲ್ಲಿ ಸೈಕಲ್ ಯಾರು ತುಳಿಯುತ್ತಾರೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ಸೈಕಲ್ ಇಲ್ಲದವರು ಅದೇ ದಾರಿಯನ್ನು ಅದೇ ಬಿಸಿಲಲ್ಲಿ ನಡೆದೇ ಹೋಗುತ್ತಾರೆ, ಇನ್ನೂ ಹೆಚ್ಚು ಹೊತ್ತು. ಬಿಸಿಲಿಗಿಂತ ದೊಡ್ಡ ಶತ್ರು ದಾರಿ. ಮಳೆ ಬಿದ್ದ ದಿನ ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆರೆದು ನಾಲ್ಕು ಹೆಜ್ಜೆ ತಳ್ಳಿ ಮತ್ತೆ ಕೆರೆಯಬೇಕು. ಸುಗ್ಗಿಯಲ್ಲಿ ಡಾಂಬರಿನ ಅರ್ಧ ಭಾಗವನ್ನು ಒಣಗಲು ಹರವಿದ ಕಾಳು ಹಿಡಿದಿರುತ್ತದೆ, ಉಳಿದರ್ಧ ಟ್ರ್ಯಾಕ್ಟರುಗಳ ಪಾಲು. ಸೈಕಲ್ಲಿನವರು ಇಳಿಯಬೇಕಾದ ಅಂಚಿನಲ್ಲಿ ಗೇಣುದ್ದದ ಕೊರಕಲು. ಜೇವರ್ಗಿಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಪೋಣಿಸಿಕೊಂಡು ಹೋಗುತ್ತದೆ. ಅದರ ಬದಿಯಲ್ಲಿ ಸೈಕಲ್ಲಿಗೂ ಪಾದಚಾರಿಗೂ ಗಟ್ಟಿಯಾದ ಅಂಚು, ಊರ ಬಳಿ ವೇಗ ತಗ್ಗಿಸುವ ವ್ಯವಸ್ಥೆ, ರೈತರಿಗೆ ಒಕ್ಕಲು ಕಣ, ಇವೆಲ್ಲ ಸಾರಿಗೆಯದೇ ಕೆಲಸಗಳು.

ಈಗ ಮನೆಗೊಂದು ಬೈಕ್ ಇದೆಯಲ್ಲ ಎನ್ನುವವರು, ಅದರ ಕೀಲಿ ಯಾರ ಜೇಬಿನಲ್ಲಿದೆ ಎಂದು ಒಮ್ಮೆ ನೋಡಬೇಕು. ಬೈಕ್ ಗಂಡಸಿನ ಜತೆ ಹೊರಟಮೇಲೆ ಮನೆಯಲ್ಲಿ ಉಳಿಯುವ ಹೆಂಗಸರು, ಮುದುಕರು, ಮಕ್ಕಳಿಗೆ ದಾರಿಯೇನು? ಇನ್ನು, ಹಳ್ಳಿ ಮಾರ್ಗಗಳು ನಷ್ಟದವು ಎಂಬುದು ಸಾರಿಗೆ ಸಂಸ್ಥೆಗಳ ಹಳೆಯ ವಾದ. ಪ್ರತಿ ಹಳ್ಳಿಗೂ ದೊಡ್ಡ ಬಸ್ಸು ನುಗ್ಗಿಸಿದರೆ ಅದು ನಿಜವೂ ಹೌದು. ಅದಕ್ಕೇ ಸೈಕಲ್ಲಿನ ಜೋಡಿ ಬೇಕು. ಒಳದಾರಿಯ ಜನ ಮುಖ್ಯರಸ್ತೆಗೆ ಬಂದು ಸೇರಿದರೆ ಅಲ್ಲಿ ಅದೇ ಬಸ್ಸುಗಳನ್ನು ಹೆಚ್ಚು ಸಲ ಓಡಿಸಬಹುದು. ಶಾಲೆ ಬಿಡುವ ಹೊತ್ತು, ಸಂತೆಯ ದಿನ ಮೊದಲೇ ಗೊತ್ತಿರುವಂಥವು. ತುಂಬುವ ಬಸ್ಸಿಗೆ ನಷ್ಟದ ಮಾತಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿದೆ. ಅದರ ವೇಳೆಗೆ ಮಸ್ಕಿ, ಪಾಮನಕಲ್ಲೂರು ಕಡೆಯ ಬಸ್ಸು ಹೊಂದದಿದ್ದರೆ ದಶಕಗಳ ಕಾಲ ಕಾದು ಪಡೆದ ಹಳಿಯ ಲಾಭ ಪಟ್ಟಣದ ಅಂಚಿಗೇ ಮುಗಿಯುತ್ತದೆ.

ಹಣದ ಮಾತು ಬಂದರೆ, ಸಂವಿಧಾನದ 371(ಜೆ) ವಿಧಿಯ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಸೈಕಲ್ ಸ್ಟ್ಯಾಂಡಿಗೆ, ರಸ್ತೆಯ ಅಂಚಿಗೆ ಅದರಲ್ಲಿ ಬೇಕಾಗುವುದು ತೀರಾ ಚಿಕ್ಕ ಪಾಲು. ಕೊರತೆ ಇರುವುದು ಒತ್ತಾಯದಲ್ಲಿ. ನಾರಾಯಣಪುರ ಬಲದಂಡೆ ನೀರಾವರಿ ಯೋಜನೆಯ 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ರೈತರು ಧರಣಿ ಕೂತದ್ದು ಇದೇ ಪಾಮನಕಲ್ಲೂರಿನಲ್ಲಿ, ಮರುವರ್ಷದ ಮಸ್ಕಿ ಉಪಚುನಾವಣೆಯಲ್ಲಿ ಯಾವ ಪಕ್ಷವೂ ಆ ಬೇಡಿಕೆಯನ್ನು ಕಡೆಗಣಿಸಲಾಗಲಿಲ್ಲ. ಬಸ್ಸಿನ ಬೇಡಿಕೆ ಮಾತ್ರ ಇನ್ನೂ ಮಕ್ಕಳ ತಲೆಗೇ ಬಿದ್ದಿದೆ. ಅವರು ರಸ್ತೆಯಲ್ಲಿ ಕೂತು ಬಸ್ ತಡೆದರೆ ಅಧಿಕಾರಿ ಬಂದು ಭರವಸೆ ಕೊಡುತ್ತಾರೆ, ಪರೀಕ್ಷೆ ಮುಗಿದರೆ ಮಾತೂ ಮುಗಿಯುತ್ತದೆ. ಗ್ರಾಮಸಭೆಯ ನಡಾವಳಿಯಲ್ಲಿ ಬಸ್ಸಿನ ವೇಳೆ ಮತ್ತು ಸೈಕಲ್ ಸ್ಟ್ಯಾಂಡಿನ ಜಾಗ ಎರಡನ್ನೂ ದೊಡ್ಡವರೇ ಬರೆಸಿ, ಡಿಪೊ ವ್ಯವಸ್ಥಾಪಕರಿಂದ ಲಿಖಿತ ಉತ್ತರ ಪಡೆಯಬೇಕು.